ಶ್ರೀಲಂಕಾಕ್ಕೆ ಹೊರಟಿದ್ದೀರಾ? ಹುಣ್ಣಿಮೆ ಯಾವತ್ತು ನೋಡಿಕೊಳ್ಳಿ

ಶ್ರೀಲಂಕಾಕ್ಕೆ ಹೋಗುವಾಗ ನಮ್ಮವರು ಜಾಸ್ತಿ ತಯಾರಿ ಮಾಡಿಕೊಳ್ಳುವುದಿಲ್ಲ. ಪಕ್ಕದ ದೇಶ, ತೆಂಗಿನ ತೋಟ, ಅನ್ನದ ಊಟ, ರಸ್ತೆಯ ಎಡಗಡೆ ಓಡುವ ಗಾಡಿಗಳು. ಗಡಿಯಾರ ಕೂಡ ಬದಲಾಯಿಸಬೇಕಾಗಿಲ್ಲ. ಎಲ್ಲ ನಮ್ಮ ಹಾಗೇ ಅಲ್ವಾ ಅಂದುಕೊಂಡು ಹೊರಟುಬಿಡುತ್ತಾರೆ. ಆದರೆ ನಮಗಿಂತ ಬೇರೆಯಾಗಿರುವ ನಾಲ್ಕಾರು ವಿಷಯಗಳು ಮೊದಲೇ ಗೊತ್ತಿದ್ದರೆ ಪ್ರವಾಸ ತುಂಬಾ ಹಗುರವಾಗುತ್ತದೆ. ಮನೆಯವರೆಲ್ಲ ಹೋಗಿ ಬಂದ ಮೇಲೆ ನನಗೆ ಖಚಿತವಾಗಿದ್ದು ಇದು.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ. ಅಲ್ಲಿ ಮಳೆಗಾಲ ಎರಡು, ಎರಡೂ ಇಡೀ ದೇಶಕ್ಕೆ ಒಟ್ಟಿಗೆ ಬರುವುದಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲೆ ಮತ್ತು ಬೆಟ್ಟದ ಸೀಮೆಗೆ ಮಳೆ. ಅದೇ ಹೊತ್ತಿಗೆ ಪೂರ್ವದ ತ್ರಿಂಕೋಮಲಿ, ಅರುಗಮ್ ಬೇ ಕಡೆ ಒಳ್ಳೆಯ ಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದು ತಿರುವುಮುರುವು. ಕ್ಯಾಂಡಿ, ನುವಾರ ಎಲಿಯ, ಗಾಲೆ ನೋಡುವ ಆಸೆ ಇದ್ದರೆ ಜನವರಿಯಿಂದ ಮಾರ್ಚ್ ನನ್ನ ಆಯ್ಕೆ.

ಆಮೇಲೆ ಪಂಚಾಂಗ ನೋಡಿ. ಅಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ, ‘ಪೋಯ’ ಅನ್ನುತ್ತಾರೆ. ಆ ದಿನ ಮದ್ಯ ಮಾರುವುದಿಲ್ಲ, ಮಾಂಸದ ಅಂಗಡಿ ಮುಚ್ಚಿರುತ್ತದೆ. ವಾರಾಂತ್ಯಕ್ಕೆ ಅಂಟಿಕೊಂಡು ಬಂದರಂತೂ ರೈಲು, ಹೋಟೆಲು ಎಲ್ಲ ತುಂಬಿ ಹೋಗುತ್ತವೆ. ಹಾಗಂತ ಪೋಯ ತಪ್ಪಿಸಬೇಡಿ. ಬಿಳಿ ಬಟ್ಟೆ ತೊಟ್ಟ ಜನ ತಾವರೆ ಹೂ ಹಿಡಿದು ಬೌದ್ಧ ವಿಹಾರಕ್ಕೆ ಹೋಗುವುದನ್ನು ನೋಡಲೇಬೇಕು. ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ (ನಮ್ಮ ಬುದ್ಧ ಪೂರ್ಣಿಮೆ) ಬೀದಿ ತುಂಬಾ ಕಾಗದದ ಗೂಡುದೀಪ. ದಾರಿಹೋಕರಿಗೆಲ್ಲ ಪುಕ್ಕಟೆ ಊಟ, ಪಾನಕ ಹಂಚುತ್ತಾರೆ. ಕರೆದರೆ ಸಂಕೋಚಪಡದೆ ಹೋಗಿ.

ವಿಹಾರಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು. ಚಪ್ಪಲಿಯ ಜೊತೆ ಟೋಪಿಯನ್ನೂ ತೆಗೆಯಬೇಕು. ಅನುರಾಧಪುರದಲ್ಲಿ ಮಧ್ಯಾಹ್ನ ಕಲ್ಲು ಕಾದು ಅಂಗಾಲು ಇಡಲಾಗುವುದಿಲ್ಲ, ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇರಲಿ. ಇನ್ನು ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ. ಅಲ್ಲಿನವರಿಗೆ ಅದು ನಿಜಕ್ಕೂ ನೋವು ಕೊಡುತ್ತದೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಹಿಡಿದು ದೇಶದಿಂದ ಹೊರಗೆ ಕಳಿಸಿದ್ದರು. ಆಮೇಲೆ ಅಲ್ಲಿನ ಸುಪ್ರೀಂ ಕೋರ್ಟ್ ಆಕೆಗೆ ಪರಿಹಾರ ಕೊಡಿಸಿತು, ಅದು ಬೇರೆ ಮಾತು. ಅಂಥ ಹಚ್ಚೆ ಇದ್ದರೆ ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ಈಗ ಊಟ. ಸಸ್ಯಾಹಾರಿಗಳು ಇದನ್ನು ನಿಧಾನವಾಗಿ ಓದಿ. ಅನ್ನ, ಬೇಳೆ ಪಲ್ಯ, ಬೀನ್ಸ್, ಹಲಸಿನಕಾಯಿ, ಬೀಟ್ರೂಟ್, ಸೊಪ್ಪು ಎಲ್ಲ ಒಂದೇ ತಟ್ಟೆಯಲ್ಲಿ ಬರುತ್ತದೆ. ನೋಡಿದರೆ ಎಲ್ಲವೂ ತರಕಾರಿಯೇ. ಆದರೆ ಉಂಬಲಕಡ ಅಂತ ಒಂದಿದೆ. ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಲ್ಲಿನಷ್ಟು ಗಟ್ಟಿಯಾಗುವಂತೆ ಒಣಗಿಸಿ ಕುಟ್ಟಿದ ಪುಡಿ ಅದು. ಪಲ್ಯಕ್ಕೆ, ಚಟ್ನಿಯಂಥ ಸಾಂಬೋಲಕ್ಕೆ ರುಚಿಗೆ ಅಂತ ಒಂದು ಚಿಟಿಕೆ ಬೀಳುತ್ತದೆ. ಅದನ್ನು ಮೀನಿನ ಅಡುಗೆ ಅಂತ ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ‘ವೆಜ್’ ಅಂದರೆ ಸಾಲದು, ‘ಉಂಬಲಕಡ ಎಪಾ’ ಅನ್ನಿ, ಬೇಡ ಅಂತ ಅರ್ಥ. ನಮ್ಮ ಜೊತೆ ಬಂದಿದ್ದ ಅತ್ತೆ ಮೊಟ್ಟೆಯನ್ನೂ ಮುಟ್ಟದವರು. ಕ್ಯಾಂಡಿಯಲ್ಲಿ ನಾವಿದ್ದ ಮನೆಯ ಅಕ್ಕ (ಸಿಂಹಳದಲ್ಲೂ ಅಕ್ಕ ಅಂತಲೇ ಕರೆಯುತ್ತಾರೆ) ಅವರಿಗಾಗಿ ಬೇರೆಯೇ ಪೊಲ್ ಸಾಂಬೋಲ ಮಾಡಿಕೊಟ್ಟರು. ಒಣಮೆಣಸು, ಉಪ್ಪು, ಸಣ್ಣ ಈರುಳ್ಳಿಯನ್ನು ಒರಳುಕಲ್ಲಿನ ಮೇಲೆ ಅರೆದು, ಆಗ ತಾನೇ ತುರಿದ ಕಾಯಿ ಸೇರಿಸಿ, ಕೈಯಿಂದ ಹಿಸುಕಿ ಕೆಂಪಗೆ ಮಾಡಿ, ಮೇಲೆ ನಿಂಬೆಹಣ್ಣು ಹಿಂಡಿದರು. ಬಿಸಿ ಆಪ್ಪದ ಜೊತೆ ಅತ್ತೆ ಎರಡು ಸಲ ಹಾಕಿಸಿಕೊಂಡರು. ಹೋಟೆಲಿಗಿಂತ ಇಂಥ ಮನೆಗಳಲ್ಲಿ ಉಳಿಯುವುದೇ ಮೇಲು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಚಹಾ ಅಂಗಡಿಯಲ್ಲಿ ಕೂತರೆ ಕೇಳದೇ ಒಂದು ತಟ್ಟೆ ತುಂಬಾ ರೊಟ್ಟಿ, ಬನ್ನು ತಂದಿಡುತ್ತಾರೆ. ತಿಂದಷ್ಟಕ್ಕೆ ಮಾತ್ರ ದುಡ್ಡು. ತಿಕೋನದ ರೊಟ್ಟಿಯಲ್ಲಿ ‘ಮಾಳು’ ಅಂದರೆ ಮೀನು, ‘ಎಳವಳು’ ಅಂದರೆ ತರಕಾರಿ. ಕೇಳಿಯೇ ಕೈ ಹಾಕಿ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಇಟಿಎ, ಅಂದರೆ ಪ್ರವೇಶದ ಅನುಮತಿ, ಮಾಡಿಸಿಕೊಳ್ಳಿ. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಸರ್ಕಾರದ ಜಾಲತಾಣದಲ್ಲೇ ನೋಡಿ. ನಮ್ಮ ನೋಟು ಅಂಗಡಿಯಲ್ಲಿ ನಡೆಯುವುದಿಲ್ಲ. 2024ರಿಂದ ಕೆಲವು ಕಡೆ ಯುಪಿಐ ಇದೆ, ಸಣ್ಣ ಊರಿನಲ್ಲಿ ಅದನ್ನೇ ನಂಬಿಕೊಳ್ಳಬೇಡಿ. ಪಾಸ್‌ಪೋರ್ಟ್ ಜೊತೆಗೇ ಇರಲಿ, ಸಿಗಿರಿಯಾ ಬಂಡೆಕೋಟೆಯಂಥ ಕಡೆ ನಮ್ಮಂಥ ಸಾರ್ಕ್ ದೇಶದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಸಿಗುತ್ತದೆ. ಅಲ್ಲಿ ಸುಮಾರು 1,200 ಮೆಟ್ಟಿಲು. ಬಾಗಿಲು ತೆರೆಯುವ ಹೊತ್ತಿಗೇ ಹತ್ತಲು ಶುರು ಮಾಡಿ. ಬಂಡೆಯಲ್ಲಿ ಕಣಜದ ಗೂಡುಗಳಿವೆ, ಕೂಗಾಡಬೇಡಿ. ಭಿತ್ತಿಚಿತ್ರಗಳ ಫೋಟೊ ತೆಗೆಯುವಂತಿಲ್ಲ.

ಕ್ಯಾಂಡಿಯಿಂದ ಎಲ್ಲ ಎಂಬ ಪುಟ್ಟ ಊರಿಗೆ ಚಹಾ ತೋಟಗಳ ನಡುವೆ ಹೋಗುವ ರೈಲಿಗೆ ಒಂದು ತಿಂಗಳ ಮೊದಲೇ ಬುಕಿಂಗ್ ತೆರೆಯುತ್ತದೆ. ಎಸಿ ಬೋಗಿ ಬೇಡ, ಕಿಟಕಿ ತೆರೆಯಲು ಬರುವುದಿಲ್ಲ. ಜೋರು ಮಳೆಗೆ ಗುಡ್ಡ ಕುಸಿದು ಹಳಿ ಬಂದ್ ಆಗುವುದುಂಟು, ಹಿಂದಿನ ದಿನವೇ ವಿಚಾರಿಸಿ. ಬಸ್ಸಿನಲ್ಲಿ ಮುಂದಿನ ಸೀಟು ಭಿಕ್ಷುಗಳಿಗೆ ಮೀಸಲು. ಹೆಂಗಸರು ಭಿಕ್ಷುಗಳನ್ನು ಮುಟ್ಟುವುದಿಲ್ಲ, ಕೈಗೆ ನೇರವಾಗಿ ಏನನ್ನೂ ಕೊಡುವುದಿಲ್ಲ. ಕೊಲಂಬೊದಲ್ಲಿ ಆಟೊಕ್ಕೆ ಪಿಕ್‌ಮಿ ಆ್ಯಪ್ ಬಳಸಿ. ದಾರಿಯಲ್ಲಿ ಯಾರಾದರೂ ‘ಇವತ್ತು ದೇವಸ್ಥಾನದಲ್ಲಿ ವಿಶೇಷ ಹಬ್ಬ, ಬನ್ನಿ ಕರೆದುಕೊಂಡು ಹೋಗುತ್ತೇನೆ’ ಅಂದರೆ ನಕ್ಕು ಮುಂದೆ ನಡೆಯಿರಿ. ಅದು ಹರಳಿನ ಅಂಗಡಿಯಲ್ಲಿ ಹೋಗಿ ನಿಲ್ಲುವುದೇ ಹೆಚ್ಚು.

ವಯಸ್ಸಾದವರು ಜೊತೆಗಿದ್ದರೆ 1990 ಸಂಖ್ಯೆಯನ್ನು ಫೋನಿನಲ್ಲಿ ಹಾಕಿಕೊಳ್ಳಿ. ಅದು ಸುವ ಸೆರಿಯ ಆಂಬುಲೆನ್ಸ್, 2016ರಲ್ಲಿ ಭಾರತದ ನೆರವಿನಿಂದ ಶುರುವಾಗಿದ್ದು. ಸೇವೆ ಉಚಿತ.