ಕುಕ್ಕರ್ ಸೀಟಿ ಇರುವ ಪದ್ಯವೇ ಇರಲಿ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಭಾನುವಾರ ನಡೆಯುವ ನಮ್ಮ ಕನ್ನಡ ತರಗತಿಗೆ ಕಂಪ್ಯೂಟರ್ ಇಲ್ಲ, ಪ್ರೊಜೆಕ್ಟರ್ ಇಲ್ಲ. ಇರುವುದೊಂದು ಟ್ರಾಲಿ ಸ್ಪೀಕರ್. ಗಣಪತಿ ಹಬ್ಬಕ್ಕೆ ಹೊರಗೆ ತಂದು, ವಿಸರ್ಜನೆ ಮುಗಿದ ಮೇಲೆ ಮೂಲೆಗೆ ತಳ್ಳಿಬಿಡುತ್ತಾರಲ್ಲ, ಆ ಜಾತಿಯದು. ಅದರ ಬ್ಲೂಟೂತ್ ಕೆಟ್ಟು ಯಾವ ಕಾಲವಾಯಿತೋ. ಪೆನ್‌ಡ್ರೈವ್ ಚುಚ್ಚುವ ಕಿಂಡಿಯೊಂದು ನಿಯತ್ತಾಗಿದೆ, ಆದರೆ ಎಂಪಿ3 ಎಂಬ ಬಗೆಯ ಧ್ವನಿ ಫೈಲು ಬಿಟ್ಟು ಬೇರೇನನ್ನೂ ಅದು ಮೂಸಿಯೂ ನೋಡುವುದಿಲ್ಲ.

ಮಕ್ಕಳ ಪದ್ಯಗಳು ನನಗೆ ಸಿಕ್ಕಿದ್ದೋ ಮೂರು ದಿಕ್ಕಿನಿಂದ. ಬೆಂಗಳೂರಿನಲ್ಲಿ ಕೊಂಡ ಶಿಶುಗೀತೆಗಳ ಸಿಡಿ ಒಂದು. ಗೆಳತಿಯೊಬ್ಬಳು ತನ್ನ ಫೋನಿನಲ್ಲಿ ಹಾಡಿ ಕಳಿಸಿದ ಎಂ4ಎ ಫೈಲುಗಳು. ಇನ್ನು ನಮ್ಮ ವಿದ್ಯಾರ್ಥಿನಿಯ ಧಾರವಾಡದ ಅಜ್ಜಿ ವಾಟ್ಸಾಪಿನಲ್ಲಿ ಹೇಳಿ ಕಳಿಸಿದ ಪದ್ಯಗಳು, ಅವು ಓಪಸ್ ಫೈಲುಗಳು. ಹುಡುಗಿಯ ಅಪ್ಪ ಆ ಫೈಲಿನ ಹೆಸರಿನ ತುದಿಯಲ್ಲಿದ್ದ 'ಓಪಸ್' ಅಳಿಸಿ 'ಎಂಪಿ3' ಎಂದು ಬರೆದು, "ಆಯ್ತಲ್ಲ ಟೀಚರ್, ಕನ್ವರ್ಟ್ ಮಾಡಿದೆ" ಅಂದರು. ಹೆಸರು ಬದಲಾದರೆ ಒಳಗಿನದು ಬದಲಾದೀತೇ? ಸ್ಪೀಕರ್ ತುಟಿ ಬಿಚ್ಚಲಿಲ್ಲ.

ಎಲ್ಲವನ್ನೂ ಎಂಪಿ3 ಮಾಡಲು ಶನಿವಾರ ರಾತ್ರಿ ಕೂತೆ. ಮರುದಿನ ಹಳಿ ರಿಪೇರಿಗೆಂದು ಲೋಕಲ್ ರೈಲು ತಡೆಯುವ ಮೆಗಾಬ್ಲಾಕ್ ಇದ್ದುದರಿಂದ ಕಲ್ಯಾಣ, ಠಾಣೆ ಕಡೆಯ ಮಕ್ಕಳು ಹೇಗೂ ತಡವಾಗಿಯೇ ಬರುತ್ತಾರೆಂಬ ಧೈರ್ಯ ಬೇರೆ. ನಾನು ಬಳಸುವುದು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶ. ಮೊದಲೆಲ್ಲ ಅದರಿಂದ ಎಂಪಿ3 ತೆಗೆಯಲು ಲೇಮ್ ಎಂಬ ಪೂರಕ ತಂತ್ರಾಂಶವನ್ನು ಬೇರೆಯಾಗಿ ಹುಡುಕಿ ಇಳಿಸಿಕೊಳ್ಳಬೇಕಿತ್ತು. 2017ರ ಹೊತ್ತಿಗೆ ಎಂಪಿ3ಯ ಪೇಟೆಂಟ್ ಕಾಟ ತೀರಿತು, ಈಗ ಅದು ಜೊತೆಗೇ ಬರುತ್ತದೆ. ಎಂ4ಎ ತೆರೆಯಬೇಕಾದರೆ ಮಾತ್ರ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದನ್ನು ಹಾಕಿಕೊಳ್ಳಬೇಕು. ಒಮ್ಮೆ ಹಾಕಿದರೆ ಮುಗಿಯಿತು.

ನಮ್ಮ ತರಗತಿಗೆ ಹೆಗಲು ಕೊಟ್ಟಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಫೋನಿನಲ್ಲೇ ಪಟ್ಟು ಹಿಡಿದರು: "ಎಲ್ಲಾ 320 ಕೆಬಿಪಿಎಸ್‌ನಲ್ಲೇ ಮಾಡಿ ಮಾರಾಯ್ರೆ, ಕ್ವಾಲಿಟಿ ಬೇಕಲ್ಲ." ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಡೇಟಾ ಎಂಬ ಲೆಕ್ಕ ಅದು. ಸಿಡಿಯ ಹಾಡು ಒಂದು ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. 128ರಲ್ಲಿ ಎಂಪಿ3 ಮಾಡಿದರೆ ಸುಮಾರು 1 ಎಂಬಿ. ಆ ಸ್ಪೀಕರಿನಲ್ಲಿ, ಫ್ಯಾನಿನ ಸದ್ದಿನ ನಡುವೆ, ಅಷ್ಟು ಧಾರಾಳ. ಇನ್ನು ಅಜ್ಜಿಯ ದನಿ ವಾಟ್ಸಾಪಿನಲ್ಲಿ ಮೊದಲೇ ಹಿಂಡಿಹೋಗಿ ಬಂದಿತ್ತು. ಅದನ್ನು 320ಕ್ಕೆ ಏರಿಸುವುದೆಂದರೆ ನೀರು ಮಜ್ಜಿಗೆಯನ್ನು ದೊಡ್ಡ ಪಾತ್ರೆಗೆ ಸುರಿದು ಮೊಸರಾಯಿತು ಎಂದಂತೆ. ಅವರಿಗೆ "ಆಯ್ತು ಸರ್" ಎಂದು ಹೇಳಿ ಎಲ್ಲವನ್ನೂ 128ರಲ್ಲೇ ಮಾಡಿದೆ.

ನನಗೆ ಬೇಕಿದ್ದ ಕ್ವಾಲಿಟಿಯೇ ಬೇರೆ. ನಮ್ಮ ಮಕ್ಕಳು ಶಾಲೆಯಲ್ಲಿ ಓದುವುದು ಮರಾಠಿ, ಹಿಂದಿ. ಆ ಬರವಣಿಗೆಯಲ್ಲಿ ಎ-ಏ ಬೇರೆ ಬೇರೆಯಿಲ್ಲ, ಒ-ಓ ಬೇರೆ ಬೇರೆಯಿಲ್ಲ. ಹಾಗಾಗಿ ಬೆಳೆ-ಬೇಳೆ, ಕೊಡು-ಕೋಡು ಅವರ ಕಿವಿಗೆ ಒಂದೇ. 'ಹಸುವಿಗೆ ಎರಡು ಕೊಡು ಇವೆ' ಎಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡು ಬರುತ್ತಾರೆ. ಹಿಂದೆ ಮುಂಬೈಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಗಳಿಗೆ ಬರುತ್ತಿದ್ದ ಹೋಟೆಲ್ ಹುಡುಗರಿಗೆ ಈ ತಾಪತ್ರಯ ಇರಲಿಲ್ಲ. ಊರಿನ ನುಡಿ ಬಾಯಲ್ಲಿತ್ತು, ಅಕ್ಷರ ಕಲಿಯಬೇಕಿತ್ತು ಅಷ್ಟೇ. ಇವರಿಗೆ ಎರಡನ್ನೂ ಒಟ್ಟಿಗೇ ಕಲಿಸಬೇಕು.

ಸಿಡಿಯ ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಹೋದಂತೆ ಗಾಯಕಿಯ ಮೇಲೆ ಸಿಟ್ಟೇ ಬಂತು. ತಾಳಕ್ಕೆ ಕೂರಿಸಲು ಆಕೆ ಹ್ರಸ್ವವನ್ನು ಎಳೆಯುತ್ತಾಳೆ, ದೀರ್ಘವನ್ನು ನುಂಗುತ್ತಾಳೆ. ಹಾಡಿಗೆ ಅದು ಸೊಗಸು, ನನ್ನ ಪಾಠಕ್ಕೆ ಕುತ್ತು. ಅಜ್ಜಿ ಹಾಡುವುದಿಲ್ಲ, ಹೇಳುತ್ತಾರೆ. ಮನೆಯಲ್ಲಿ ಅವರ ಬೇಳೆ 'ಬ್ಯಾಳಿ'ಯೇ. ಆದರೆ ಪದ್ಯ ಹೇಳುವಾಗ ಎಳೆಯ ವಯಸ್ಸಿನ ಕನ್ನಡಶಾಲೆ ನಾಲಿಗೆಗೆ ಬಂದು ಕೂರುತ್ತದೆ. ಎ ಎಂದರೆ ಎ, ಏ ಎಂದರೆ ಏ. ಅವರ ದನಿಯೇ ಮೊದಲು, ಹಾಡು ಆಮೇಲೆ ಎಂದು ಅಲ್ಲೇ ನಿರ್ಧರಿಸಿಬಿಟ್ಟೆ.

ಆದರೆ ಅಜ್ಜಿಯದು ಸರಭರ ಓಟ. ಟೇಪಿನ ಕಾಲದಲ್ಲಿ ವೇಗ ತಗ್ಗಿಸಿದರೆ ದನಿಯೂ ದಪ್ಪಗಾಗುತ್ತಿತ್ತು. ಈಗ ಆಡಾಸಿಟಿಯಲ್ಲಿ 'ಸ್ಪೀಡ್' ಮುಟ್ಟದೆ 'ಟೆಂಪೊ' ಮಾತ್ರ ಇಳಿಸಿದರೆ ದನಿ ದಪ್ಪಗಾಗದೆ ಓಟವಷ್ಟೇ ನಿಧಾನವಾಗುತ್ತದೆ. ಶೇಕಡಾ 15ರಷ್ಟು ಇಳಿಸಿದೆ. ಅದಕ್ಕೂ ಹೆಚ್ಚಿಗೆ ಹೋದರೆ ದನಿ ನಡುಗಿದಂತೆ ಕೇಳುತ್ತದೆ. ಪ್ರತಿ ಸಾಲಿನ ನಂತರ ಆ ಸಾಲಿನಷ್ಟೇ ಉದ್ದದ ಮೌನ ಸೇರಿಸಿದೆ, ಮಕ್ಕಳು ತಿರುಗಿ ಹೇಳಲಿಕ್ಕೆ. ರಾತ್ರಿಯ ಬಹುಪಾಲು ಹೋದದ್ದು ಇದಕ್ಕೇ. ಫಾರ್ಮ್ಯಾಟ್ ಬದಲಿಸುವುದು ಕ್ಷಣದ ಕೆಲಸ.

ಅಜ್ಜಿಯ ಮನೆಯ ಫ್ಯಾನಿನ ಗುಂಯ್‌ಗುಡುವಿಕೆಯನ್ನು ಆಡಾಸಿಟಿಯ ನಾಯ್ಸ್ ರಿಡಕ್ಷನ್ ಅಳಿಸಿತು. ಬರೀ ಗದ್ದಲವಿರುವ ಚೂರನ್ನು ಮೊದಲು ತೋರಿಸಿದರೆ ಅದರ ಗುರುತು ಹಿಡಿದು ಉಳಿದೆಡೆಯೂ ತೆಗೆಯುತ್ತದೆ. ಒಂದೇ ಸಮ ಇರುವ ಸದ್ದಿಗೆ ಸರಿ. ಆದರೆ ಎರಡನೇ ಸಾಲಿನ ನಡುವೆಯೇ ಅಜ್ಜಿಯ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆದಿತ್ತು. ಅದನ್ನು ತೆಗೆಯಹೋದರೆ ಪದವೂ ಹೋಗುತ್ತದೆ. ಬಿಟ್ಟೆ.

ಕೊನೆಗೊಂದು ತಲೆನೋವು: ನಮ್ಮ ಸ್ಪೀಕರ್ ಫೈಲಿನ ಹೆಸರಿಗೆ ಸೊಪ್ಪು ಹಾಕುವುದಿಲ್ಲ, ಪೆನ್‌ಡ್ರೈವಿಗೆ ಯಾವುದು ಮೊದಲು ಹತ್ತಿತೋ ಅದನ್ನೇ ಮೊದಲು ನುಡಿಸುತ್ತದೆ. ಹಾಗಾಗಿ ಒಂದೊಂದನ್ನೇ ಕ್ರಮವಾಗಿ ಕಾಪಿ ಮಾಡಬೇಕಾಯಿತು.

ತರಗತಿಯಲ್ಲಿ ಮೊದಲ ಸಾಲು ಮುಗಿದು ಮೌನ ಬಂದಾಗ ಮಕ್ಕಳು ನನ್ನ ಮುಖ ನೋಡಿದರು. ಎರಡನೇ ಸಾಲಿಗೆ ಮರ್ಮ ತಿಳಿಯಿತು. ಹಿಂದಿನ ಬೆಂಚಿನಿಂದ ಪದವೂ ಬಂತು, ನಡುವೆ ಸರಿಯಾದ ಜಾಗದಲ್ಲಿ "ಸ್ಸ್ಸ್" ಎಂಬ ಸೀಟಿಯೂ ಬಂತು. ಆಮೇಲೆ ಅದಿಲ್ಲದೆ ಆ ಪದ್ಯವನ್ನು ಯಾರೂ ಹೇಳುವುದೇ ಇಲ್ಲ. ಪದ್ಯದಲ್ಲಿದ್ದ 'ಕೊಡು' ಮಾತ್ರ ಚಿಕ್ಕದಾಗಿಯೇ ಬಂತು, ನನಗಷ್ಟು ಸಾಕು.

ಸುದ್ದಿ ಧಾರವಾಡ ಮುಟ್ಟಿತು. ಅಜ್ಜಿ ಫೋನ್ ಮಾಡಿದರು: "ಅಯ್ಯ, ನಮ್ಮನಿ ಕುಕ್ಕರ್ ಸಪ್ಪಳ ಮುಂಬೈತನಕಾ ಕೇಳಸ್ತೇನ? ತಡೀರಿ, ಇನ್ನೊಮ್ಮೆ ಛಂದಾಗಿ ಹೇಳಿ ಕಳಸ್ತೀನಿ." ಹೇಳಿದಂತೆ ಕಳಿಸಿದರು. ಸೀಟಿ ಇಲ್ಲ, ಫ್ಯಾನೂ ಇಲ್ಲ. ಆದರೆ ಪಟ್ಟಣದ ಮಕ್ಕಳಿಗೆ ತಿಳಿಯಲಿ ಎಂದು ಒಂದೊಂದು ಅಕ್ಷರವನ್ನೂ ಎಳೆದೆಳೆದು ಹೇಳಿದ್ದಾರೆ. ಇದರಲ್ಲಿ ಹಸುವಿಗೂ 'ಕೋಡು', ಅಮ್ಮನಿಗೂ 'ಕೋಡು'. ಅವರಿಗೆ ಥ್ಯಾಂಕ್ಸ್ ಹೇಳಿ, ತರಗತಿಯಲ್ಲಿ ಹಳೆಯದನ್ನೇ ಹಾಕುತ್ತಿದ್ದೇನೆ.