ಸ್ಪ್ಯಾನಿಷ್ ಕಲಿತು ಏನು ಮಾಡುತ್ತೀಯ ಎಂದು ಕೇಳುವವರಿಗೆ

ಕಳೆದ ವರ್ಷ ಜೂನ್ ಕೊನೆಯಿಂದ ನಾಲ್ಕು ವಾರ ನಾನು ಸ್ಪೇನ್ ದೇಶದ ಸಾಲಮಾಂಕಾ ಎಂಬ ಊರಿನಲ್ಲಿದ್ದು ಸ್ಪ್ಯಾನಿಷ್ ಕಲಿತು ಬಂದೆ. ಬಂದಂದಿನಿಂದ ಹಾಸನದ ಬಸ್ ನಿಲ್ದಾಣದಲ್ಲಿ, ಸಕಲೇಶಪುರದ ಸಂತೆಯಲ್ಲಿ, ಮೂರು ಮದುವೆಗಳಲ್ಲಿ ಮತ್ತು ಒಂದು ಗೃಹಪ್ರವೇಶದಲ್ಲಿ ಒಂದೇ ಪ್ರಶ್ನೆ ನನ್ನ ಬೆನ್ನು ಹತ್ತಿದೆ: "ಇಂಗ್ಲಿಷ್ ಬರುತ್ತಲ್ಲಮ್ಮಾ, ಸ್ಪ್ಯಾನಿಷ್ ಕಲ್ತು ಏನ್ ಮಾಡ್ತೀಯ?" ಬಾಯಲ್ಲಿ ಉತ್ತರ ಹೇಳಿ ಹೇಳಿ ದಣಿದಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ಅವಸರದಲ್ಲಿರುವವರಿಗೆ ಮೊದಲು ಚಿಕ್ಕ ಉತ್ತರ. ಸ್ಪ್ಯಾನಿಷ್ 20 ದೇಶಗಳ ಆಡಳಿತ ಭಾಷೆ, ಹತ್ತಿರ ಹತ್ತಿರ 50 ಕೋಟಿ ಜನರ ತಾಯ್ನುಡಿ, ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು, ಮತ್ತು ಬೆಂಗಳೂರಿನ ಕಂಪನಿಗಳಲ್ಲಿ ಅದನ್ನು ಬಲ್ಲವರಿಗೆ ಕೆಲಸವಿದೆ. ಇಷ್ಟು ಹೇಳಿದ ಕೂಡಲೇ ಕೇಳಿದವರ ಮುಖ ಅರಳುತ್ತದೆ, "ಹಂಗಾದ್ರೆ ಸರಿ ಬಿಡು" ಎಂದು ಅವರು ಎಲೆಯ ಮುಂದಿನ ಪಾಯಸದ ಕಡೆಗೆ ತಿರುಗುತ್ತಾರೆ. ನಾನು ಕೊಡುವ ಉತ್ತರಗಳಲ್ಲೆಲ್ಲ ನನಗೆ ಅತಿ ಬೇಸರ ತರುವುದು ಇದೇ, ಏಕೆಂದರೆ ಇದರಲ್ಲಿರುವ ಒಂದು ಅಂಶವೂ ನಾನು ಅಲ್ಲಿಗೆ ಹೋದ ಕಾರಣವಲ್ಲ.

ಖರ್ಚಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಸ್ಪೇನ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ತೋರಿಸಬೇಕು, ವಿಮಾನದ ಟಿಕೆಟ್ ತೆಗೆಯಬೇಕು, ಶಾಲೆಯ ಶುಲ್ಕ ಕಟ್ಟಬೇಕು, ಉಳಿದುಕೊಳ್ಳುವ ಮನೆಗೆ ಹಣ ಕೊಡಬೇಕು. ಇವೆಲ್ಲವೂ ಅಪ್ಪ ಎರಡು ವರ್ಷ ಕೂಡಿಟ್ಟಿದ್ದ ಕಾಳುಮೆಣಸಿನ ಹಣದಿಂದ ಆಯಿತು. ಆ ಹಣ ಏನಾಯಿತೆಂದು ಕೇಳುವ ಹಕ್ಕು ಈ ಲೋಕದಲ್ಲಿ ಅಪ್ಪನೊಬ್ಬನಿಗೇ ಇದೆ, ಮತ್ತು ಅವನು ಇಂದಿನವರೆಗೂ ಕೇಳಿಲ್ಲ. "ಹೆಣ್ಣುಮಗಳನ್ನ ಒಬ್ಳನ್ನೇ ಕಳಿಸಿದ್ರಾ?" ಎಂದು ಅಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದವರಿಗೆ ನಾನು ಉತ್ತರ ಕೊಡುವುದಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಪ್ರಶ್ನೆಗಿಂತ ಅದರ ಜೊತೆಗೆ ಬರುವ ಆಜ್ಞೆ. ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ, ಊಟದ ಎರಡನೆಯ ಪಂಕ್ತಿಗೆ ಕಾಯುತ್ತಿದ್ದ ಇಪ್ಪತ್ತು ಜನರ ಎದುರಿಗೆ, ಬಂಧುಗಳೊಬ್ಬರು "ಎಲ್ಲಿ, ಒಂದ್ ನಾಲ್ಕ್ ಮಾತಾಡು, ನಾವೂ ಕೇಳೋಣ" ಎಂದರು. ಅವರಿಗೆ ಸ್ಪ್ಯಾನಿಷ್ ಬಾರದು, ಅಲ್ಲಿದ್ದ ಯಾರಿಗೂ ಬಾರದು. ಹಾಡಾದರೆ ಕೇಳುವವರಿದ್ದರೆ ಸಾಕು, ಮಾತಿಗೆ ಮರುಮಾತಾಡುವವರು ಬೇಕು. ನಾನು ಸುಮ್ಮನಿದ್ದೆ. "ಅಷ್ಟ್ ದುಡ್ಡು ಸುರಿದು ಏನೂ ಬಂದಿಲ್ಲ" ಎಂಬ ತೀರ್ಮಾನ ನಾನು ಕೈ ತೊಳೆದು ಬರುವಷ್ಟರಲ್ಲಿ ಮಂಟಪದ ಬಾಗಿಲು ದಾಟಿತ್ತು.

"ಇದರಿಂದ ಏನು ಪ್ರಯೋಜನ?" ಎಂಬುದು ಬಹಳ ಹಳೆಯ ಪ್ರಶ್ನೆ ಎಂದು ನನಗೆ ತಿಳಿದದ್ದು ಸಾಲಮಾಂಕಾದ ತರಗತಿಯಲ್ಲೇ. 1218ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಊರು ಅದು, ಮತ್ತು ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣ ಅಚ್ಚಾದದ್ದು ಅಲ್ಲಿಯೇ, 1492ರ ಆಗಸ್ಟ್‌ನಲ್ಲಿ, ಕೊಲಂಬಸ್ ಹಡಗು ಹತ್ತಿ ಇನ್ನೂ ತಿಂಗಳು ತುಂಬದಿದ್ದಾಗ. ಬರೆದವನು ಆಂತೋನಿಯೋ ದೆ ನೆಬ್ರಿಹಾ. ಆ ಪುಸ್ತಕದ ಮಾದರಿಯನ್ನು ಇಸಾಬೆಲ್ ರಾಣಿಗೆ ಇದೇ ಊರಿನಲ್ಲಿ ತೋರಿಸಿದಾಗ ಆಕೆ ಇದು ಯಾವ ಉಪಯೋಗಕ್ಕೆ ಎಂದು ಕೇಳಿದಳಂತೆ. ಮುನ್ನುಡಿಯಲ್ಲಿ ನೆಬ್ರಿಹಾನೇ ಅದನ್ನು ಬರೆದುಕೊಂಡಿದ್ದಾನೆ. ಅವನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಆವಿಲಾದ ಬಿಷಪ್ ಉತ್ತರ ಕೊಟ್ಟನು: ರಾಣಿಯವರು ಪರಭಾಷೆಯ ಅನಾಗರಿಕ ಜನರನ್ನು ಗೆದ್ದ ಮೇಲೆ, ಗೆದ್ದವರ ಕಾನೂನಿನೊಂದಿಗೆ ಗೆದ್ದವರ ಭಾಷೆಯನ್ನೂ ಅವರು ಕಲಿಯಬೇಕಾಗುತ್ತದೆ, ಆಗ ಈ ಪುಸ್ತಕ ಬೇಕಾಗುತ್ತದೆ. ನಮ್ಮ ಅಧ್ಯಾಪಕಿ ಇದನ್ನು ಹೇಳಿದ ದಿನ ನಾನು ಟಿಪ್ಪಣಿ ಪುಸ್ತಕದಲ್ಲಿ ಆ ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಭಾಷೆಯ ಪ್ರಯೋಜನವನ್ನು ಕೇಳಿದಾಗ ಸಿಕ್ಕಿದ ಉತ್ತರ ಅದು: ಸೋತವರು ಅಪ್ಪಣೆಯನ್ನು ಅರ್ಥ ಮಾಡಿಕೊಳ್ಳಲಿ ಎಂದು. ಆ ಗೆರೆಗಳ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈಗ "ಇಂಗ್ಲಿಷ್ ಬರುತ್ತಲ್ಲ" ಎಂಬ ಮೊದಲರ್ಧ. ನಾನಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ವಿಧವೆ, ಆಕೆಗೆ ಇಂಗ್ಲಿಷಿನ ಒಂದು ಪದವೂ ಬಾರದು. ಮಧ್ಯಾಹ್ನದ ಊಟ ಮೂರು ಗಂಟೆಗೆ, ರಾತ್ರಿಯದು ಹತ್ತಕ್ಕೆ, ಆ ಹೊತ್ತಿಗೂ ಆಕಾಶದಲ್ಲಿ ಬೆಳಕು. ಆಕೆ ಮಾತಾಡುತ್ತಿದ್ದಳು, ನಾನು "ಸಿ, ಸಿ" ಎಂದು ತಲೆಯಾಡಿಸುತ್ತಿದ್ದೆ. ಎರಡನೆಯ ವಾರದ ಒಂದು ಶನಿವಾರ ರಾತ್ರಿ ನನ್ನ ದವಡೆ ಹಲ್ಲು ಸಿಡಿಯತೊಡಗಿತು. ಹಸಿರು ಶಿಲುಬೆ ಹೊಳೆಯುವ ಔಷಧಿ ಅಂಗಡಿಗೆ ಹೋಗಿ ನಿಂತೆ. ತಲೆಯಲ್ಲಿ ಎಂದಿನಂತೆ ಮೊದಲು ಇಂಗ್ಲಿಷ್ ವಾಕ್ಯ ಎದ್ದಿತು, 'ಐ ಹ್ಯಾವ್' ಎಂದು. ಅದನ್ನು ಪದಕ್ಕೆ ಪದವಾಗಿ ತಿರುಗಿಸಲು ಹೋಗಿ 'ನಾನು', 'ಹೊಂದಿದ್ದೇನೆ' ಎಂಬಲ್ಲಿಗೇ ನಾಲಿಗೆ ನಿಂತುಹೋಯಿತು. ಅಂಗಡಿಯಾಕೆ ಕಾಯುತ್ತಿದ್ದಳು, ಹಿಂದೆ ಇಬ್ಬರು ಕಾಯುತ್ತಿದ್ದರು, ಹಲ್ಲು ಸಿಡಿಯುತ್ತಲೇ ಇತ್ತು. ಆಗ ಒಳಗಿನಿಂದ, ಚಿಕ್ಕಂದಿನಲ್ಲಿ ಅಮ್ಮನಿಗೆ ಹೇಳುತ್ತಿದ್ದ ಹಾಗೆಯೇ, "ನಂಗೆ ಹಲ್ಲು ನೋಯ್ತಾ ಇದೆ" ಎಂಬ ಮಾತು ಬಂತು. ನನಗೆ, ನೋಯುತ್ತದೆ, ಹಲ್ಲು. 'ಮೆ ದುಯೆಲೆ ಲಾ ಮುಯೆಲಾ.' ಆಕೆ ಕೂಡಲೇ 'ದೆಸ್ದೆ ಕುಆಂದೋ?' ಎಂದಳು: ಯಾವಾಗಿನಿಂದ? ಆ ಊರಿನಲ್ಲಿ ಯಾರೋ ಒಬ್ಬರು ನನ್ನ ಉತ್ತರಕ್ಕೆ ನಿಜವಾಗಿ ಕಾದದ್ದು ಅದೇ ಮೊದಲು ಎಂದು ನನಗನ್ನಿಸಿತು.

ಇಡೀ ವಾರ ಅಧ್ಯಾಪಕಿ ಈ ರಚನೆಯನ್ನೇ ಕಲಿಸುತ್ತಿದ್ದಳು. ನನ್ನ ತರಗತಿಯಲ್ಲಿ ಹೆಚ್ಚಿನವರು ಅಮೆರಿಕದ ವಿದ್ಯಾರ್ಥಿಗಳು; ಕಾಫಿಯನ್ನು ಇಷ್ಟಪಡುವವರು ನಾವಾಗಿರುವಾಗ ಕ್ರಿಯಾಪದ ಕಾಫಿಯನ್ನು ಹಿಂಬಾಲಿಸುವುದೇಕೆ ಎಂದು ಅವರು ಒದ್ದಾಡುತ್ತಿದ್ದರು. 'ಮೆ ಗುಸ್ತಾ ಎಲ್ ಕಫೆ.' ನನಗೆ ಕಾಫಿ ಇಷ್ಟ. ಕಾಫಿ ತೋಟದ ನಡುವೆ ಹುಟ್ಟಿ ಬೆಳೆದ ನಾನು, ಈ ವಾಕ್ಯವನ್ನು ಇಂಗ್ಲಿಷ್ ಮೂಲಕ ಸುತ್ತಿ ಬಂದು ಅರ್ಥ ಮಾಡಿಕೊಳ್ಳಲು ಐದು ದಿನ ಒದ್ದಾಡಿದ್ದೆ. ಆ ರಾತ್ರಿಯಿಂದ ಇಂಗ್ಲಿಷಿನ ಬಾಗಿಲು ಮುಚ್ಚಿ ಕನ್ನಡದ ಬಾಗಿಲಿನಿಂದ ಒಳಗೆ ಹೋಗತೊಡಗಿದೆ. 'ತು' ಮತ್ತು 'ಉಸ್ತೆದ್' ನಮ್ಮ ನೀನು ಮತ್ತು ನೀವು. ಯಾರಿಗೆ ಯಾವುದು ಎಂಬ ಅಳುಕು ಕೂಡ ನಮ್ಮದೇ. 'ಬರುತ್ತೇನೆ' ಎಂದರೆ ಬರುವುದು ನಾನೇ ಎಂದು ಕ್ರಿಯಾಪದದ ಕೊನೆಯೇ ಹೇಳುವ ಹಾಗೆ ಅಲ್ಲಿಯೂ ಹೇಳುತ್ತದೆ. ತಕಾರ ದಕಾರಗಳು ಹಲ್ಲಿಗೆ ತಾಗುತ್ತವೆ. ಒಂಟಿ ರಕಾರದ 'ಪೆರೊ' ಎಂದರೆ ಆದರೆ, ನಾಲಿಗೆ ಅದುರಿಸುವ ರಕಾರದ 'ಪೆರ್ರೊ' ಎಂದರೆ ನಾಯಿ. ಈ ಭೇದವನ್ನು ಕೇಳಿದಾಗ ನನಗೆ ಹಳಗನ್ನಡದ ಶಕಟರೇಫ, ಅಂದರೆ 'ಱ' ಎಂಬ ಇನ್ನೊಂದು ರಕಾರ, ನೆನಪಾಯಿತು, ಕೂಗುವ 'ಕರೆ'ಗೂ ಹಾಲು ಹಿಂಡುವ 'ಕಱೆ'ಗೂ ಒಂದು ಕಾಲದಲ್ಲಿ ಇದ್ದ ಅಂತರ. ನಾವು ಕಳೆದುಕೊಂಡ ಇಂಥ ಭೇದವನ್ನು ಅವರು ಇಂದಿಗೂ ಬೀದಿಯಲ್ಲಿ ಬಳಸುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಹಕಾರ. ಮೊದಲ ದಿನ ಅಧ್ಯಾಪಕಿ ಹಾಳೆಯಲ್ಲಿದ್ದ ನನ್ನ ಊರಿನ ಹೆಸರನ್ನು 'ಆಸ್ಸಾನ್' ಎಂದು ಓದಿದಳು, ಏಕೆಂದರೆ ಸ್ಪ್ಯಾನಿಷಿನಲ್ಲಿ ಆ ಅಕ್ಷರವನ್ನು ಬರೆಯುತ್ತಾರೆಯೇ ಹೊರತು ಉಚ್ಚರಿಸುವುದಿಲ್ಲ. ನಮ್ಮ ಬಸ್ಸಿನ ಕಂಡಕ್ಟರ್ "ಆಸ್ನ, ಆಸ್ನ, ಆಸ್ನ" ಎಂದು ಕೂಗುವುದು ಕಿವಿಯಲ್ಲಿ ಮೊಳಗಿತು. ಆಮೇಲೆ ಕೆದಕಿ ನೋಡಿದೆ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ 'ಫರೀನಾ', ಹೊಗೆಗೆ 'ಫೂಮುಸ್'. ಸ್ಪ್ಯಾನಿಷಿನಲ್ಲಿ ಆ ಫಕಾರ ಮೊದಲು ಹಕಾರವಾಯಿತು, ಬಳಿಕ ಆ ಹಕಾರವೂ ಬಾಯಿಂದ ಜಾರಿ 'ಆರಿನಾ', 'ಉಮೊ' ಎಂದಾಯಿತು. ನಮ್ಮಲ್ಲಿ 'ಪಾಲ್' ಹಾಲಾಯಿತು, 'ಪುಲಿ' ಹುಲಿಯಾಯಿತು, 'ಪಾವು' ಹಾವಾಯಿತು. ನಮ್ಮ ಸೀಮೆಯ ಹಳ್ಳಿಯ ಬಾಯಲ್ಲಿ ಅವೇ ಆಲು, ಉಲಿ, ಆವು ಆಗಿವೆ. ಸಂಬಂಧವೇ ಇಲ್ಲದ ಎರಡು ನುಡಿಗಳು ಒಂದೇ ಇಳಿಜಾರಿನಲ್ಲಿ ಇಳಿದಿವೆ. ಹಕಾರ ಬಿಟ್ಟಿದ್ದಕ್ಕೆ ನಮ್ಮ ಶಾಲೆಯಲ್ಲಿ ಮಕ್ಕಳು ಬೆತ್ತದ ಏಟು ತಿಂದದ್ದನ್ನು ನಾನು ಕಂಡಿದ್ದೇನೆ. ಆ ಮಕ್ಕಳ ನಾಲಿಗೆ ಮಾಡಿದ್ದು ತಪ್ಪಲ್ಲ, ಅದು ಭಾಷೆಗಳು ಸಾಗುವ ದಾರಿ ಎಂದು ಈಗ ಯಾವ ಮೇಷ್ಟರ ಎದುರಿಗೂ ನಿಂತು ಹೇಳಬಲ್ಲೆ.

ಕನ್ನಡ ಎಲ್ಲ ಕಡೆಯೂ ಕೈ ಹಿಡಿಯಲಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬುದು ನನಗೆ ಇಂದಿಗೂ ಒಗ್ಗಿಲ್ಲ. ಹಾಗೆಯೇ, ಅಲ್ಲಿಯ ಮೊದಲ ವ್ಯಾಕರಣಕ್ಕಿಂತ ಇನ್ನೂರು ವರ್ಷಕ್ಕೂ ಮೊದಲೇ, 13ನೆಯ ಶತಮಾನದಲ್ಲಿ, ಕೇಶಿರಾಜ ಕನ್ನಡಕ್ಕೆ 'ಶಬ್ದಮಣಿದರ್ಪಣ' ಬರೆದಿದ್ದ ಎಂದು ನಾನು ತರಗತಿಯಲ್ಲಿ ಹೇಳಿದಾಗ ಕ್ರಿಯಾಪದದ ಕಾಲ ಮೂರು ಕಡೆ ತಪ್ಪಿತ್ತು. ಆದರೆ ಅಧ್ಯಾಪಕಿ ತಿದ್ದುವುದನ್ನು ಬಿಟ್ಟು ಆ ಹೆಸರನ್ನು ಹಲಗೆಯ ಮೇಲೆ ಬರೆಯಿಸಿದಳು. ಕನ್ನಡ ಲಿಪಿಯಲ್ಲೇ ಬರೆದೆ.

ಇನ್ನು, ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ: ಮಾತು ಬಾರದ ಆ ಮೊದಲೆರಡು ವಾರ ಹೇಗಿದ್ದೆ? ಮನೆಯಲ್ಲಿ ನಾನು ಮಾತಿನ ಮಲ್ಲಿ. ಆ ಮನೆಯೊಡತಿ ಪಕ್ಕದ ಮನೆಯವಳಿಗೆ ನನ್ನ ಬಗ್ಗೆ 'ಮುಯ್ ಕಯಾದಾ' ಎನ್ನುತ್ತಿದ್ದಳು. ನಿಘಂಟು ತೆಗೆದು ನೋಡಿದರೆ ಬಲು ಮೌನಿ ಎಂದರ್ಥ. ಒಳ್ಳೆಯ ಹುಡುಗಿ, ಗಲಾಟೆ ಇಲ್ಲ, ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾಳೆ. ಆಕೆ ಅದನ್ನು ಪ್ರೀತಿಯಿಂದಲೇ ಹೇಳಿದಳು, ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಆಕೆ ಮೆಚ್ಚಿದ್ದು ನನ್ನನ್ನಲ್ಲ, ನನಗೆ ಮಾತು ಬಾರದ್ದನ್ನು. ಆಲೂಗಡ್ಡೆ ಮತ್ತು ಮೊಟ್ಟೆ ಸೇರಿಸಿ ಆಕೆ ಮಾಡುವ ತೋರ್ತಿಯಾ ತಿನ್ನುವಾಗ, ನಮ್ಮ ಹಾಸನ ಜಿಲ್ಲೆಯಲ್ಲಿಯೂ ಆಲೂಗಡ್ಡೆ ಬೆಳೆಯುತ್ತಾರೆ, ಗಡ್ಡೆಗೆ ಅಂಗಮಾರಿ ಬಿದ್ದ ವರ್ಷ ಮನೆಗಳು ಹೇಗಿರುತ್ತವೆ ಎಂದೆಲ್ಲ ಹೇಳಬೇಕೆನ್ನಿಸುತ್ತಿತ್ತು. ಬಾಯಿಂದ ಬರುತ್ತಿದ್ದದ್ದು 'ಮುಯ್ ಬುಯೆನೊ', ತುಂಬ ಚೆನ್ನಾಗಿದೆ, ಅಷ್ಟೇ.

ಆ ರಾತ್ರಿ ನನಗೆ ನೆನಪಾದವನು ನಮ್ಮ ತೋಟದಲ್ಲಿ ಕೆಲಸದವರಿಗೆಂದು ಕಟ್ಟಿದ ಲೈನ್ ಮನೆಯಲ್ಲಿರುವ ಅಸ್ಸಾಮಿನವನು. ಸಕಲೇಶಪುರದ ತೋಟಗಳಲ್ಲಿ ಈಗ ಕಾಫಿ ಕೊಯ್ಯುವವರಲ್ಲಿ ಅಸ್ಸಾಮಿನವರು ಎಷ್ಟೋ ಮಂದಿ. ಅವನು ಹೆಂಡತಿಯೊಂದಿಗೆ ಬಂದು ಮೂರು ವರ್ಷವಾಗಿತ್ತು. ನಾವು ಅವನಿಗೆ ಆಡುತ್ತಿದ್ದ ಕನ್ನಡವನ್ನು ಎಣಿಸಿದೆ: ಬಾ, ಹೋಗು, ಬೇಗ, ಹಾಕು, ಸಾಕು, ನಾಳೆ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. "ಮಾತಿಲ್ಲ ಕತೆಯಿಲ್ಲ, ಒಳ್ಳೇ ಮನುಷ್ಯ" ಎಂದು ನಾವೂ ಮೆಚ್ಚಿಕೊಳ್ಳುತ್ತಿದ್ದೆವು. ರಾಣಿಗೆ ಬಿಷಪ್ ಕೊಟ್ಟ ಉತ್ತರ ನಮ್ಮ ಅಂಗಳದಲ್ಲೇ ನಡೆಯುತ್ತಿತ್ತು, ಮೂರು ವರ್ಷ, ನಾನು ಕಾಫಿ ಕುಡಿಯುತ್ತ ಕುಳಿತಿದ್ದ ಜಗಲಿಯ ಎದುರಿಗೆ.

ನಾನು ವಾಪಸು ಬಂದದ್ದು ಆಗಸ್ಟ್‌ನಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದಾಗ. ಒಂದು ಬೆಳಿಗ್ಗೆ ಅವನು ಗಲ್ಲಕ್ಕೆ ಟವೆಲ್ ಕಟ್ಟಿಕೊಂಡು ಬಂದು ಅಂಗಳದಲ್ಲಿ ನಿಂತ. ಏನು ಎಂದು ಕೈಸನ್ನೆಯಲ್ಲಿ ಕೇಳಿದೆ. "ದಾಂತೆ ಬ್ಯಥಾ" ಎಂದ. ಅವನ ಮಾತು ಬಂಗಾಳಿ ಎಂದು ನನಗೆ ಗೊತ್ತಾದದ್ದೇ ಆಮೇಲೆ, ಆದರೆ ದಂತವೂ ವ್ಯಥೆಯೂ ನನಗೆ ಗೊತ್ತಿದ್ದ ಪದಗಳು. "ಹಲ್ಲು ನೋವು" ಎಂದೆ. ಅವನು "ಅಲ್ಲು ನೋವು" ಎಂದ, ನಮ್ಮ ಆಳುಗಳ ಬಾಯಿಂದ ಕಲಿತ ಹಾಗೆ, ಹಕಾರ ಬಿಟ್ಟು. ಅಪ್ಪ ಜೀಪು ತೆಗೆಯುವಷ್ಟರಲ್ಲಿ ನಾನು ಫೋನಿನಲ್ಲಿ ಒಂದು ಮಾತು ಹುಡುಕಿ, ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಅವನಿಗೆ ಕೇಳಿದೆ: "ಕೊಬೆ ಥೆಕೆ?" ಯಾವಾಗಿನಿಂದ?

ಅವನು ಟವೆಲ್ ಬಿಚ್ಚಿದ. ಸಕಲೇಶಪುರದ ದಂತವೈದ್ಯರ ಬಾಗಿಲಿನವರೆಗೆ ಅವನು ಮಾತಾಡುತ್ತಲೇ ಇದ್ದ. ನನಗೆ ಅದರಲ್ಲಿ ನಾಲ್ಕೋ ಐದೋ ಪದ ತಿಳಿದಿರಬೇಕು.