ಒದ್ದೆ ಬತ್ತಿ ಕೊನೆಗೂ ನಿಜ ಹೇಳಿತು: ಕೂಲರ್ ಕಂಟ್ರೋಲರ್ ಎಲ್ಲಿಗೆ ಬಂತು

ಕೊನೆಗೂ ಸಿಕ್ಕಿತು! ನೀರಿನ ಕೂಲರಿನ ಪಂಪನ್ನು ತಾನಾಗಿ ಹಾಕಿ ನಿಲ್ಲಿಸುವ ನನ್ನ ಡಬ್ಬಿಯ ಒದ್ದೆ ಪ್ರೋಬ್ (ಒದ್ದೆ ಬತ್ತಿ ಸುತ್ತಿದ ತಾಪದ ಸೆನ್ಸರ್) ಮಧ್ಯಾಹ್ನದ ಹೊತ್ತು ಯಾಕೆ ತಪ್ಪು ತೋರಿಸುತ್ತಿತ್ತು ಅಂತ ಗೊತ್ತಾಯಿತು, ಸರಿಯೂ ಆಯಿತು. ಬೋರ್ಡು, ರಿಲೇ, ಪಂಪಿನ ವೈರಿಂಗ್, ಲಾಗಿಂಗ್ ಇವೆಲ್ಲ ನೀವೂ ಮಾಡಿರುವ ಕೆಲಸವೇ, ಹಾಗಾಗಿ ಅದನ್ನು ಬಿಡುತ್ತೇನೆ. ಈ ಸಲ ಮಾತೆಲ್ಲ ಒಂದು ಹತ್ತಿಯ ಬತ್ತಿ ಮತ್ತು ಒಂದು ಸ್ಟೀಲ್ ಕೊಳವೆ ಬಗ್ಗೆ.

ಮೊದಲು, ಈ ಕಂಟ್ರೋಲರ್ ಯಾಕೆ ಬೇಕು ಅನ್ನೋದನ್ನು ಒಂದು ಸಲ ಹೇಳಿಬಿಡುತ್ತೇನೆ. ನೀರಿನ ಕೂಲರ್ ಗಾಳಿಯ ತಾಪ ಇಳಿಸುತ್ತದೆ, ಆದರೆ ಆ ಗಾಳಿಗೆ ತೇವ ತುಂಬುತ್ತದೆ. ವೆಟ್ ಬಲ್ಬ್ ತಾಪಮಾನ, ಅಂದರೆ ಬೀಸುವ ಗಾಳಿಯಲ್ಲಿ ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರ್ ಇಳಿದು ನಿಲ್ಲುವ ಅಂಕಿ, ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಕೂಲರ್ ಎಷ್ಟೇ ದೊಡ್ಡದಿರಲಿ, ಆ ಗೆರೆಗಿಂತ ಕೆಳಗೆ ಗಾಳಿಯನ್ನು ಇಳಿಸೋಕೆ ಅದರ ಕೈಲಿ ಆಗುವುದಿಲ್ಲ. ಒಣ ಸೆಕೆಯಲ್ಲಿ, ಅಂದರೆ 40 ಡಿಗ್ರಿ ತಾಪ, ಶೇ 20 ತೇವಾಂಶ ಇದ್ದಾಗ ವೆಟ್ ಬಲ್ಬ್ ಸುಮಾರು 22ರಿಂದ 23. ಕೂಲರಿನ ಒದ್ದೆ ಪ್ಯಾಡ್ ಈ ಎರಡರ ಅಂತರದ ಶೇ 75ರಷ್ಟು ಇಳಿಸಿದರೂ ಸುಮಾರು 27 ಡಿಗ್ರಿಯ ಗಾಳಿ ಸಿಗುತ್ತದೆ. ಅದು ಸ್ವರ್ಗ. ಮಳೆಗೆ ಮುಂಚಿನ ಜಿಗುಟು ದಿನಗಳನ್ನು ತಗೊಳ್ಳಿ: 35 ಡಿಗ್ರಿ, ಶೇ 75. ಆಗ ವೆಟ್ ಬಲ್ಬೇ ಸುಮಾರು 31. ಅದೇ ಪ್ಯಾಡಿನಿಂದ ಬರುವ ಗಾಳಿ 32 ಡಿಗ್ರಿ, ತೇವಾಂಶ ಶೇ 90 ದಾಟಿರುತ್ತದೆ. ಬೆವರು ಇಳಿಯುತ್ತದೆ, ಆರುವುದಿಲ್ಲ.

ಆರದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ ಅಲ್ವಾ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. ಸುಮ್ನೆ ಕೂತ ಮನುಷ್ಯನ ಮೈ ಹುಟ್ಟಿಸುವುದು ಸುಮಾರು 100 ವಾಟ್, ಅಂದರೆ ಆರು ಗಂಟೆಗೂ ಜಾಸ್ತಿ ಹೊತ್ತಿನ ಲೆಕ್ಕ ಅದರಲ್ಲೇ ತೀರುತ್ತದೆ. ಅದೇ ಲೀಟರ್ ನೆಲಕ್ಕೆ ತೊಟ್ಟಿಕ್ಕಿದರೆ ನಮಗೆ ಉಳಿಯುವುದು ಬಾಯಾರಿಕೆ ಮಾತ್ರ. ವೆಟ್ ಬಲ್ಬ್ 35 ಮುಟ್ಟಿದರೆ ಆರೋಗ್ಯವಂತರೂ ತಡೆಯಲಾರರು ಅಂತ 2010ರಲ್ಲಿ ಒಂದು ಲೆಕ್ಕ ಬಂದಿತ್ತು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರಿಂದಲೇ ಕೋಣೆಯಲ್ಲಿ ಹಗುರ ಕೆಲಸ ಮಾಡಿಸಿ ಅಳೆದರು. ತೇವದ ಗಾಳಿಯಲ್ಲಿ ಸುಮಾರು 31ಕ್ಕೇ ಮೈ ತಾಪ ಹಿಡಿತ ತಪ್ಪಿ ಏರತೊಡಗಿತು. ವಯಸ್ಸಾದವರಿಗೆ ಬೆವರುವ ಶಕ್ತಿಯೇ ಕಡಿಮೆ, ಅವರ ಮಿತಿ ಇನ್ನೂ ಕೆಳಗೆ. ಮನೆಯಲ್ಲಿ ಹಿರಿಯರಿದ್ದಾರೆ. ಹಾಗಾಗಿ ನನ್ನ ಡಬ್ಬಿಯಲ್ಲಿ ಒಳಗಿನ ವೆಟ್ ಬಲ್ಬ್ 27 ದಾಟಿದರೆ ಬಜರ್ ಕೂಗುತ್ತದೆ. ಅದು ಕೂಗಿದರೆ ಪಂಪ್ ಬಂದ್, ಕಿಟಕಿ ತೆರೆಯಬೇಕು, ಮೈಗೆ ಒದ್ದೆ ಬಟ್ಟೆ, ಮೇಲೆ ಫ್ಯಾನ್. ಈ ಬಜರ್ ನನಗೆ ಆಟದ ಸಾಮಾನಲ್ಲ.

ಆದ್ದರಿಂದಲೇ ಅದು ತಪ್ಪಾಗಿ ಕೂಗಿದಾಗ ತಲೆ ಕೆಟ್ಟು ಹೋಯಿತು.

ಆಗುತ್ತಿದ್ದದ್ದು ಹೀಗೆ. ಬೆಳಿಗ್ಗೆ ಎಲ್ಲ ಸರಿ. ಮಧ್ಯಾಹ್ನ ಬಿಸಿಲು ಏರಿ ಗಾಳಿ ಒಣಗಿದಾಗ, ಅಂದರೆ ಕೂಲರ್ ಚೆನ್ನಾಗಿ ಕೆಲಸ ಮಾಡಬೇಕಾದ ಹೊತ್ತಿನಲ್ಲೇ, ಬಜರ್ ಶುರು. ಹೊರಗೆ 38 ಡಿಗ್ರಿ, ಶೇ 30. ವೆಟ್ ಬಲ್ಬ್ ಇರಬೇಕಾದ್ದು 24ರ ಆಸುಪಾಸು. ಒದ್ದೆ ಪ್ರೋಬ್ ತೋರಿಸುತ್ತಿದ್ದದ್ದು 27ಕ್ಕೂ ತುಸು ಮೇಲೆ. ಸುಳ್ಳು ಕೂಗುವ ಬಜರನ್ನು ಮನೆಯವರು ಎಷ್ಟು ದಿನ ಕೇಳುತ್ತಾರೆ? ಅದರ ವೈರ್ ಕಿತ್ತುಹಾಕುತ್ತಾರೆ, ನಿಜವಾದ ಅಪಾಯ ಬಂದ ದಿನ ಅದು ಮೂಕವಾಗಿರುತ್ತದೆ.

ತೇವಾಂಶದ ಚಿಪ್ ಹಾಕಿ ಸೂತ್ರದಿಂದ ಲೆಕ್ಕ ಹಾಕಿದರೆ ಸಾಕಲ್ಲ, ಬತ್ತಿ ಯಾಕೆ ಅಂತ ಕೇಳುವವರಿದ್ದೀರಿ. ಕೂಲರಿನ ಎದುರಿಗೆ ಚಿಪ್ ಬಾಳುವುದಿಲ್ಲ. ಎಸ್‌ಎಚ್‌ಟಿ31 ಒಳ್ಳೆಯ ಚಿಪ್ಪೇ, ಶೇ 2ರ ನಿಖರತೆ. ಆದರೆ ಶೇ 80ಕ್ಕಿಂತ ಜಾಸ್ತಿ ತೇವದಲ್ಲಿ ಬಹಳ ಹೊತ್ತು ಕೂತರೆ ಅದರ ರೀಡಿಂಗ್ ನಿಧಾನಕ್ಕೆ ಮೇಲೆ ಸರಿಯುತ್ತದೆ. 35 ಡಿಗ್ರಿಯಲ್ಲಿ ತೇವಾಂಶ ಶೇ 5 ತಪ್ಪಿದರೆ ವೆಟ್ ಬಲ್ಬ್ ಹತ್ತಿರ ಹತ್ತಿರ 1 ಡಿಗ್ರಿ ತಪ್ಪುತ್ತದೆ. ಬೋರ್ಡಿನ ಬಿಸಿಯೂ ಸೇರಿಕೊಂಡರೆ ಇನ್ನೊಂದು ತಂಟೆ: ಒಣ ತಾಪ 2 ಡಿಗ್ರಿ ಜಾಸ್ತಿ ತೋರಿದರೂ ಲೆಕ್ಕದ ವೆಟ್ ಬಲ್ಬ್ ಅರ್ಧ ಡಿಗ್ರಿ ಮಾತ್ರ ಏರುತ್ತದೆ. ಪಂಪ್ ಹಾಕಬೇಕಾ ಬೇಡವಾ ಅನ್ನುವ ತೀರ್ಮಾನ ಇರುವುದು ಅವೆರಡರ ಅಂತರದ ಮೇಲೆ. ಆ ಅಂತರವೇ ಒಂದೂವರೆ ಡಿಗ್ರಿ ಹಿಗ್ಗುತ್ತದೆ. ಬತ್ತಿಗೆ ಈ ರೋಗ ಯಾವುದೂ ಇಲ್ಲ. ಒದ್ದೆಯಾಗಿದೆ, ಗಾಳಿ ಬೀಸುತ್ತಿದೆ ಅಂದರೆ ಅದು ನೇರವಾಗಿ ಬೆವರಿದ ಮೈಯ ಕೆಲಸವನ್ನೇ ಮಾಡುತ್ತದೆ. ಮನೆಯವರು ಇದಕ್ಕೆ ಇಟ್ಟಿರುವ ಹೆಸರು 'ಬೆವರುವ ಡಬ್ಬಿ'. ಅದಕ್ಕಿಂತ ಒಳ್ಳೆ ಹೆಸರು ನನಗೂ ಹೊಳೆದಿಲ್ಲ.

ಚಿಪ್ಪಿನ ಮಾತು ಬಂದಾಗ ಒಂದು ದೂರು. ಹೋಲಿಸಿ ನೋಡೋಕೆ ತೇವಾಂಶವನ್ನೂ ಅಳೆಯುವ ಬಿಎಂಇ280 ಅನ್ನೋ ಇನ್ನೊಂದು ಚಿಪ್ ತರಿಸಿದ್ದೆ. ಪ್ಯಾಕೆಟ್ ಮೇಲೆ ಬಿಎಂಇ, ಬೋರ್ಡಿನ ಮೇಲೂ ಬಿಎಂಇ. ತೇವಾಂಶ ಮಾತ್ರ ಸೊನ್ನೆ. ಚಿಪ್ ಐಡಿ ಓದಿದರೆ 0ಎಕ್ಸ್60 ಬರಬೇಕಾದಲ್ಲಿ 0ಎಕ್ಸ್58. ಅಂದರೆ ಬಿಎಂಪಿ280, ತೇವಾಂಶ ಅಳೆಯುವ ಭಾಗವೇ ಅದರಲ್ಲಿಲ್ಲ. ಮಾರಿದವರನ್ನು ಕೇಳಿದರೆ "ಲೈಬ್ರರಿ ಬದಲಾಯಿಸಿ ನೋಡಿ ಸರ್" ಅನ್ನೋ ಹಾರಿಕೆ ಉತ್ತರ. ಲೈಬ್ರರಿ ಬದಲಾಯಿಸಿದರೆ ಇಲ್ಲದ ಸೆನ್ಸರ್ ಹುಟ್ಟುತ್ತದಾ? ನೀವು ತರಿಸುವುದಾದರೆ ಭೂತಗನ್ನಡಿ ಇಟ್ಟು ನೋಡಿ. ನಿಜವಾದ ಬಿಎಂಇ ಚಿಪ್ ಚೌಕ, 2.5 ಮಿಲಿಮೀಟರ್ ಅಗಲ ಉದ್ದ ಎರಡೂ. ಬಿಎಂಪಿ ಒಂದು ಕಡೆ ಅರ್ಧ ಮಿಲಿಮೀಟರ್ ಕಡಿಮೆ, ಆಯತಾಕಾರ. ಬೆಸುಗೆ ಹಾಕುವ ಮೊದಲೇ ಗೊತ್ತಾಗುತ್ತದೆ. ಕೊನೆಗೆ ಹೋಲಿಕೆಗೆ ಎಸ್‌ಎಚ್‌ಟಿ31 ಒಂದನ್ನೇ ಕೂಲರಿನಿಂದ ದೂರ, ನೆರಳಲ್ಲಿ ಇಟ್ಟೆ. ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಉಪ್ಪಿನ ಜೊತೆ ಕೂರಿಸಿ ಪರೀಕ್ಷೆ ಮಾಡಿಕೊಂಡೆ. ಅಡುಗೆ ಉಪ್ಪು ನೀರಿನಲ್ಲಿ ಕರಗದೆ ಉಳಿಯುವಷ್ಟು ಇದ್ದರೆ ಮೇಲಿನ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಖರ್ಚಿಲ್ಲದ, ನಂಬಬಹುದಾದ ಪರೀಕ್ಷೆ.

ಈಗ ಅಸಲಿ ಸಮಸ್ಯೆ. ಒದ್ದೆ ಪ್ರೋಬ್, ಬತ್ತಿ ಇಲ್ಲದ ಒಣ ಪ್ರೋಬ್ ಎರಡೂ ಡಿಎಸ್18ಬಿ20 ಅನ್ನೋ ತಾಪದ ಸೆನ್ಸರ್, ಸ್ಟೀಲ್ ಕೊಳವೆಯವು. ಎರಡನ್ನೂ ಒಂದೇ ಥರ್ಮಾಸ್ ನೀರಿನಲ್ಲಿ ಮುಳುಗಿಸಿ ಕಲಕಿದರೆ ಒಂದೇ ಅಂಕಿ. ಹಾಗಾಗಿ ಸೆನ್ಸರ್ ಮೇಲೆ ಅನುಮಾನ ಹೋಯಿತು.

ಮುಂದಿನ ಅನುಮಾನ ಗಾಳಿ. ನಿಂತ ಗಾಳಿಯಲ್ಲಿ ಬತ್ತಿಯ ಸುತ್ತ ತೇವದ ಪದರ ಕಟ್ಟಿಕೊಂಡು ರೀಡಿಂಗ್ ಮೇಲೇರುತ್ತದೆ. ಒಣ, ಒದ್ದೆ ಅಂಕಿಗಳಿಂದ ತೇವಾಂಶ ಲೆಕ್ಕ ಹಾಕುವ ಸೂತ್ರದ ಗುಣಾಂಕವೇ ಇದನ್ನು ಹೇಳುತ್ತದೆ: ಫ್ಯಾನಿನಿಂದ ಗಾಳಿ ಎಳೆಯುವ ಉಪಕರಣಕ್ಕೆ 0.000662, ತಾನಾಗಿ ಗಾಳಿಯಾಡುವ ಜಾಗಕ್ಕೆ 0.0008, ಗಾಳಿಯೇ ಆಡದ ಒಳಕೋಣೆಗೆ 0.0012. ಸಣ್ಣ ಫ್ಯಾನ್ ಇಟ್ಟು ಕೊಳವೆಯೊಳಗೆ ಸೆಕೆಂಡಿಗೆ 3 ಮೀಟರಿಗಿಂತ ಜಾಸ್ತಿ ವೇಗ ಬರುವ ಹಾಗೆ ಮಾಡಿದೆ. ಫ್ಯಾನ್ ಗಾಳಿ ಎಳೆಯಬೇಕು, ಊದಬಾರದು. ಊದಿದರೆ ಮೋಟಾರಿನ ಬಿಸಿ ಸೀದಾ ಬತ್ತಿಗೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ.

ಆಮೇಲೆ ಬತ್ತಿ. ಅಂಗಡಿಯಿಂದ ತಂದ ಹೊಸ ಹತ್ತಿ ಬಟ್ಟೆಗೆ ಗಂಜಿ ಹಾಕಿರುತ್ತಾರೆ, ಅದು ನೀರು ಹೀರುವುದಿಲ್ಲ. ಸೋಪಿನ ನೀರಲ್ಲಿ ಕುದಿಸಿ, ಚೆನ್ನಾಗಿ ತೊಳೆದ ಮೇಲೆ ಹನಿ ಬಿಟ್ಟರೆ ತಕ್ಷಣ ಹರಡಬೇಕು. ನೀರು ಡಿಸ್ಟಿಲ್ಡ್ ಆಗಿರಬೇಕು. ಬೋರ್ ನೀರಲ್ಲಿ ಬಿಟ್ಟ ಬತ್ತಿಯ ತುದಿ ಬೆಳ್ಳಗೆ, ಗರಿಗರಿಯಾಗಿ ಗಟ್ಟಿಯಾಗುತ್ತದೆ. ಉಗುರಿನಿಂದ ಕೆರೆದರೆ ಸುಣ್ಣದ ಪುಡಿ ಉದುರುತ್ತದೆ. ಇದೆಲ್ಲ ಮಾಡಿದ ಮೇಲೂ ಮಧ್ಯಾಹ್ನ ಅದೇ ಗೋಳು.

ಬಿಸಿಲಿನ ವಿಕಿರಣ ಇರಬೇಕು ಅಂತ ಕೊಳವೆಯ ಹೊರಗೆ ಇನ್ನೊಂದು ಬಿಳಿ ಕೊಳವೆ ಹಾಕಿದೆ. ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಸುಳಿವು ಕೊಟ್ಟದ್ದು ಒಂದು ಒಣಗಾಳಿಯ ರಾತ್ರಿ. ಸೂರ್ಯ ಮುಳುಗಿ ಬಹಳ ಹೊತ್ತಾಗಿತ್ತು, ಗಾಳಿ ಇನ್ನೂ ಬಿಸಿ, ಒಣ. ತಪ್ಪು ಹಾಗೇ ಇತ್ತು! ಅಂದರೆ ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ. ಲಾಗ್ ತೆಗೆದು ಗಡಿಯಾರದ ಬದಲು ಒಣ-ಒದ್ದೆ ಅಂತರವನ್ನು ಅಡ್ಡಗೆರೆಯಲ್ಲಿಟ್ಟು, ತಪ್ಪನ್ನು ಮೇಲಕ್ಕೆ ಇಟ್ಟು ಗ್ರಾಫ್ ಹಾಕಿದೆ. ಚುಕ್ಕಿಗಳೆಲ್ಲ ಸೊನ್ನೆಯಿಂದ ಹೊರಟ ಒಂದು ನೇರ ಗೆರೆ ಮೇಲೆ ಕೂತಿದ್ದವು. ಅಂತರದ ಐದನೇ ಒಂದು ಭಾಗದಷ್ಟು ತಪ್ಪು. ಬೆಳಿಗ್ಗೆ ಅಂತರ ಕಡಿಮೆ, ಆದ್ದರಿಂದ ತಪ್ಪು ಕಾಣಿಸುತ್ತಿರಲಿಲ್ಲ. ಅಷ್ಟೇ ವಿಷಯ.

ಅಂತರಕ್ಕೆ ತಕ್ಕ ಹಾಗೆ ಬೆಳೆಯುವ ತಪ್ಪು ಅಂದರೆ ಎಲ್ಲೋ ಶಾಖ ಸೋರುತ್ತಿದೆ. ಒಣ ಗಾಳಿಯ ಬಿಸಿ ಯಾವುದೋ ದಾರಿಯಲ್ಲಿ ಒದ್ದೆ ಸೆನ್ಸರಿಗೆ ಬರುತ್ತಿದೆ. ದಾರಿ ಕಣ್ಣೆದುರಿಗೇ ಇತ್ತು: ಪ್ರೋಬಿನ ಸ್ಟೀಲ್ ಕೊಳವೆ. ಗಾಜಿನ ಥರ್ಮಾಮೀಟರಿಗೆ ಬಲ್ಬಿಗಷ್ಟೇ ಬತ್ತಿ ಸುತ್ತಿದರೆ ನಡೆಯುತ್ತದೆ, ಗಾಜು ಶಾಖ ದಾಟಿಸುವುದು ಕಡಿಮೆ. ಇಲ್ಲಿ ಬತ್ತಿ ತುದಿಗೆ ಮಾತ್ರ ಇತ್ತು. ಉಳಿದ ಸ್ಟೀಲು, ಅದರ ಹಿಂದಿನ ತಾಮ್ರದ ತಂತಿ ಎಲ್ಲ ಬಿಸಿ ಗಾಳಿಯಲ್ಲಿ. ಸೆನ್ಸರಿನ ಕಾಲುಗಳೇ ತಾಮ್ರಕ್ಕೆ ಬೆಸೆದಿರುವಾಗ ಶಾಖ ಒಳಗೆ ಬರದೆ ಇರುತ್ತದಾ?

ಪರಿಹಾರ ನೋಡೋಕೆ ಸರಳ. ಬತ್ತಿಯನ್ನು ಕಾಲುಚೀಲದ ಹಾಗೆ ಹೊಲಿದು ಪೂರ್ತಿ ಸ್ಟೀಲ್ ಕೊಳವೆಗೆ ತೊಡಿಸಿ, ಕೇಬಲ್ ಮೇಲೂ ನಾಲ್ಕು ಬೆರಳಷ್ಟು ಎಳೆದೆ. ಈಗ ಒಳಗೆ ಬರುವ ಶಾಖ ಕೇಬಲ್ಲಿನ ಮೇಲೇ ಆವಿಗೆ ಖರ್ಚಾಗುತ್ತದೆ, ಸೆನ್ಸರ್ ತನಕ ಬರುವುದಿಲ್ಲ. ಜೊತೆಗೆ ನೀರಿನ ಬಾಟಲಿಯನ್ನು ಗಾಳಿಯ ದಾರಿಯಿಂದ ಆಚೆ ನೆರಳಿಗೆ ಸರಿಸಿದೆ. ಬಾಟಲಿಗೂ ಪ್ರೋಬಿಗೂ ನಡುವೆ ಬತ್ತಿ ಎರಡು ಬೆರಳಷ್ಟು ಗಾಳಿಗೆ ಬಿಚ್ಚಿಕೊಂಡಿರಬೇಕು, ನೀರು ಪ್ರೋಬ್ ಮುಟ್ಟುವ ಮೊದಲೇ ತಣ್ಣಗಾಗಲಿ ಅಂತ. ತೀರಾ ಉದ್ದ ಬಿಟ್ಟರೆ ದಾರಿಯಲ್ಲೇ ಒಣಗುತ್ತದೆ.

ಮಾರನೇ ಮಧ್ಯಾಹ್ನ ಗ್ರಾಫಿನ ಗೆರೆ ಮಲಗಿತ್ತು. ಹೋಲಿಕೆಯ ಚಿಪ್ಪಿಗೂ ಬತ್ತಿಗೂ ಅರ್ಧ ಡಿಗ್ರಿ ಒಳಗಿನ ವ್ಯತ್ಯಾಸ. ಬಜರ್ ಕೂಗಲಿಲ್ಲ. ಪಂಪ್ ಮಧ್ಯಾಹ್ನ ಪೂರ್ತಿ ಓಡಿತು. ಖುಷಿಗೆ ಮನೆಯವರನ್ನೆಲ್ಲ ಕರೆದು ಗ್ರಾಫ್ ತೋರಿಸಿದೆ, ಪಾಪ, ಅವರೂ ಚಪ್ಪಾಳೆ ತಟ್ಟಿದರು.

ಈ ಗ್ರಾಫ್ ನೋಡುತ್ತಾ ಮುಂದಿನ ಕೆಲಸವೂ ಸಿಕ್ಕಿದೆ. ರಾತ್ರಿ ಹೊರಗಿನ ಗಾಳಿ ತಣ್ಣಗಾದ ಮೇಲೂ ಕೋಣೆ ತಣ್ಣಗಾಗುವುದಿಲ್ಲ. ಕಾರಣ ಮೇಲಿನ ಕಾಂಕ್ರೀಟ್ ಸ್ಲ್ಯಾಬ್. ಹಗಲು ಕುಡಿದ ಬಿಸಿಲನ್ನು ಅದು ಗಂಟೆಗಟ್ಟಲೆ ತಡವಾಗಿ ಒಳಗೆ ಬಿಡುತ್ತದೆ, ನಾವು ಮಲಗುವ ಹೊತ್ತಿಗೆ ಸರಿಯಾಗಿ. ಸ್ಲ್ಯಾಬಿನ ಮೇಲೊಂದು ಕೆಳಗೊಂದು ಪ್ರೋಬ್ ಅಂಟಿಸಿ, ಅರ್ಧ ಭಾಗಕ್ಕೆ ಬಿಳಿ ಬಣ್ಣ ಬಳಿದು, ಉಳಿದರ್ಧ ಹಾಗೇ ಬಿಟ್ಟು ಅಳೆಯಬೇಕು. ಹೊರಗಿನ ತಾಪ ಒಳಗಿನದಕ್ಕಿಂತ ಇಳಿದ ಕ್ಷಣ ತಾನಾಗಿ ಶುರುವಾಗುವ ಎಕ್ಸಾಸ್ಟ್ ಫ್ಯಾನ್ ಕೂಡ ಅದರ ಜೊತೆಗೇ. ಪ್ರೋಬ್‌ಗಳು ಬಂದಿವೆ, ಈ ಸಲ ಬೇರೆ ಅಂಗಡಿಯಿಂದ!

ಸದ್ಯಕ್ಕೆ ಕಂಟ್ರೋಲರಿನ ನಿಯಮ ಹೀಗಿದೆ. ಹೊರಗಿನ ಒಣ-ಒದ್ದೆ ಅಂತರ 7 ಡಿಗ್ರಿಗಿಂತ ಜಾಸ್ತಿ ಇದ್ದರೆ ಪಂಪ್ ಆನ್, 5ಕ್ಕೆ ಇಳಿದರೆ ಆಫ್, ಫ್ಯಾನ್ ಮಾತ್ರ ಓಡಲಿ. ನಡುವಿನ 2 ಡಿಗ್ರಿ ಬಿಡದಿದ್ದರೆ ರಿಲೇ ಟಕಟಕ ಅಂತ ಹೊಡೆದುಕೊಳ್ಳುತ್ತದೆ. ಕೂಲರ್ ಓಡುವಾಗ ಎದುರಿನ ಕಿಟಕಿ ತೆರೆದಿರಲೇಬೇಕು, ಅದಕ್ಕೊಂದು ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್) ಹಾಕಿದ್ದೇನೆ. ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ಸುತ್ತಿದರೆ ಮೈಯ ಬಿಸಿ, ಮೋಟಾರಿನ ಬಿಸಿ ಎಲ್ಲ ಸೇರಿ ವೆಟ್ ಬಲ್ಬ್ ಏರುತ್ತಲೇ ಹೋಗುತ್ತದೆ. ಗಾಳಿ 40 ಡಿಗ್ರಿ ದಾಟಿದ್ದರೆ ಬರೀ ಫ್ಯಾನ್ ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದ್ದರಿಂದ ಆ ತಾಪದಲ್ಲಿ ಪಂಪ್ ಇಲ್ಲದೆ ಫ್ಯಾನ್ ಓಡದ ಹಾಗೆ ಕೋಡಿನಲ್ಲಿ ತಡೆ ಇದೆ. ಟ್ಯಾಂಕಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ವಾರ ಹತ್ತು ದಿನ ಸಾಕು. ಬತ್ತಿಯ ಬಾಟಲಿ ಬಾಯಿಗೂ ಸಣ್ಣ ಜಾಲರಿ ಕಟ್ಟಿ.

ಉಳಿದಿರುವ ತಲೆನೋವು ಒಂದೇ: ಬತ್ತಿ ಒಣಗಿದರೆ ಡಬ್ಬಿಗೆ ಗೊತ್ತಾಗಬೇಕು. ಒಣಗಿದ ಬತ್ತಿ ಒಣ ಪ್ರೋಬಿನ ಅಂಕಿಯನ್ನೇ ತೋರಿಸುತ್ತದೆ, ಕಂಟ್ರೋಲರ್ ಅದನ್ನು ಶೇ 100 ತೇವಾಂಶ ಅಂತ ಓದಿ ಪಂಪ್ ನಿಲ್ಲಿಸಿ ಬಜರ್ ಕೂಗಿಸುತ್ತದೆ. ಬಾಟಲಿಯ ತಳದಲ್ಲಿ ಎರಡು ಸ್ಟೀಲ್ ಮೊಳೆ ಇಟ್ಟು ನೀರಿನ ಮಟ್ಟ ನೋಡೋಣ ಅಂದರೆ ಡಿಸ್ಟಿಲ್ಡ್ ನೀರು ಕರೆಂಟ್ ಹರಿಸುವುದೇ ಕಷ್ಟ. ಫ್ಲೋಟ್ ಸ್ವಿಚ್ ಹಿಡಿಸುವಷ್ಟು ಬಾಟಲಿ ದೊಡ್ಡದಿಲ್ಲ. ಬಾಟಲಿಯ ಹೊರಗೆ ಅಂಟಿಸುವ, ನೀರು ಮುಟ್ಟದೆಯೇ ಅದರ ಮಟ್ಟ ತಿಳಿಯುವ ಕೆಪಾಸಿಟಿವ್ ಪಟ್ಟಿಯನ್ನು ಈ ವಾರ ಹಾಕಿ ನೋಡುತ್ತೇನೆ. ಯಾರಾದರೂ ಆಗಲೇ ಮಾಡಿದ್ದರೆ ತಾಮ್ರದ ಪಟ್ಟಿ ಎಷ್ಟು ಅಗಲ ಇಟ್ಟಿರಿ ಅಂತ ತಿಳಿಸಿ.